ಕುಡ್ಲ, ಕೊಡಿಯಾಲ, ಮೈಕಾಲ: ಊರಿನ ನುಡಿಗಳ ಪ್ರದರ್ಶನ ಇಡುವವರ ಪ್ರಶ್ನೆಗಳು

ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಕರಾವಳಿಯ ಬ್ಯಾರಿ ಮುಸ್ಲಿಮರ ನುಡಿಯಾದ ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ನವೆಂಬರಿನ ರಾಜ್ಯೋತ್ಸವಕ್ಕೋ ಫೆಬ್ರವರಿ 21ರ ತಾಯ್ನುಡಿ ದಿನಕ್ಕೋ ಈ ಬಹುನುಡಿಯ ಊರನ್ನು ಫಲಕ, ಗೋಡೆ, ಧ್ವನಿಗಳಲ್ಲಿ ತೋರಿಸಲು ಹೊರಟವರ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಕಲೆ, ಮುದ್ರಣ, ಧ್ವನಿಮುದ್ರಣ, ಭಾಷೆ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಕಾಲೇಜಿನಲ್ಲಿ 20 ಫಲಕಗಳ ಪ್ರದರ್ಶನ ಇಡಬೇಕೆಂದಿದ್ದೇವೆ. ಒಂದು ಭಾಷೆಗೆ ಎರಡು ಫಲಕ. ಚರಿತ್ರೆ, ಮಾತಾಡುವವರ ಸಂಖ್ಯೆ, ಲಿಪಿ, ಸಾಹಿತಿಗಳ ಚಿತ್ರ. ಈ ಯೋಜನೆ ಸರಿಯೇ?
(ಉಪನ್ಯಾಸಕಿ, ಮಂಗಳೂರು)

ಉತ್ತರ: ಇಡಬಹುದು, ಆದರೆ ಯಾರೂ ಓದುವುದಿಲ್ಲ. ತುಳುವರು ತುಳು ಫಲಕದ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಕೊಂಕಣಿಯವರು ಕೊಂಕಣಿಯದರ ಮುಂದೆ. ಪಕ್ಕದ ಮನೆಯ ಮಾತು ಕಿವಿಗೆ ಬೀಳಬೇಕು ಅಂತ ತಾನೆ ಇಷ್ಟೆಲ್ಲ ಮಾಡುವುದು? ಅದಕ್ಕೆ ಭಾಷೆಯಿಂದಲ್ಲ, ವಸ್ತುವಿನಿಂದ ಶುರು ಮಾಡಿ. ಈ ಊರಿನ ಅಡುಗೆಮನೆ, ದಕ್ಕೆ, ಅಂಗಳಗಳಲ್ಲಿ ಸಿಗುವ 12 ವಸ್ತು ಆರಿಸಿ, ಒಂದೊಂದಕ್ಕೆ ಒಂದು ಫಲಕ ಕೊಡಿ. ಆ ಫಲಕದಲ್ಲಿ ಎಲ್ಲ ನುಡಿಗಳೂ ಎದುರುಬದುರು ಬರಲಿ.

ಬೆಕ್ಕನ್ನೇ ತೆಗೆದುಕೊಳ್ಳಿ. ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ, ಕೊಂಕಣಿಯಲ್ಲಿ ಮಾಜರ್. ತುಳು, ಮಲಯಾಳಗಳ ನೆಂಟಸ್ತಿಕೆಯೂ, ಸಂಸ್ಕೃತದ ಮಾರ್ಜಾರ ಕೊಂಕಣಿಗೆ ಇಳಿದು ಬಂದ ದಾರಿಯೂ ಒಂದೇ ನೋಟಕ್ಕೆ ಕಾಣುತ್ತದೆ; ವಿವರಣೆಯೇ ಬೇಡ. ಬೂತಾಯಿ ಮೀನು ಕೊಂಕಣಿಯಲ್ಲಿ ತಾರ್ಲೆ. ಮಲಯಾಳದ ಹೆಸರು ಹಾಕುವಾಗ ಮಾತ್ರ ಯಾವ ಕಡೆಯದ್ದು ಎಂದು ನೋಡಿ: ಬಡಗು ಕೇರಳದಲ್ಲಿ ಮತ್ತಿ, ತೆಂಕಣದಲ್ಲಿ ಚಾಳ. ಕಾಸರಗೋಡಿನಿಂದ ಬಂದು ಇಲ್ಲಿ ನೆಲೆಸಿದವರ ಬಾಯಲ್ಲಿ ಇರುವುದು ಮೊದಲನೆಯದು. ತೆಂಗಿನಕಾಯಿ ತುಳುವಿನಲ್ಲಿ ತಾರಾಯಿ. ಕೊಂಕಣಿಯಲ್ಲಿ ಕ್ರೈಸ್ತರು ನಾರ್ಲ್ ಎನ್ನುತ್ತಾರೆ, ಗೌಡ ಸಾರಸ್ವತರು ನಾರ್ಲು. ಮನೆಗೆ ಅವರದು ಘರ್, ಇವರದು ಘರ. ಪದದ ಕೊನೆಯ ಹ್ರಸ್ವ ಸ್ವರವನ್ನು ಒಬ್ಬರು ಬಿಟ್ಟಿದ್ದಾರೆ, ಇನ್ನೊಬ್ಬರು ಉಳಿಸಿಕೊಂಡಿದ್ದಾರೆ. ಎರಡನ್ನೂ ಕೊಡಿ. ಒಂದನ್ನೇ ಕೊಟ್ಟರೆ ಉದ್ಘಾಟನೆಯ ದಿನವೇ ಯಾರಾದರೂ ಪೆನ್ನು ತೆಗೆದು ಫಲಕ ತಿದ್ದುತ್ತಾರೆ, ಅದು ನ್ಯಾಯವೂ ಹೌದು.

ಹೆಚ್ಚಿನ ತಪ್ಪುಗಳ ಬೇರು ನಿಘಂಟಿನಲ್ಲಿ ಅಥವಾ ಮೊಬೈಲಿನ ಅನುವಾದದಲ್ಲಿ ಇರುತ್ತದೆ. ಗೋವೆಯ ಕೊಂಕಣಿ ಪದ ಮಂಗಳೂರಿನದ್ದಾಗಿ ಬರುತ್ತದೆ, ತಿರುವನಂತಪುರದ ಪದ ಬ್ಯಾರಿಯದ್ದಾಗಿ ಬರುತ್ತದೆ. ಒಂದೊಂದು ನುಡಿಗೂ ಇಬ್ಬರ ಕೈಲಿ ಓದಿಸಿ: 60 ದಾಟಿದ ಒಬ್ಬರು, 25ರ ಒಳಗಿನ ಒಬ್ಬರು. ಇಬ್ಬರ ಪದ ಬೇರೆಯಾದರೆ ಎರಡನ್ನೂ ಹಾಕಿ. ಹಾಗೆ ಬೇರೆಯಾದದ್ದೇ ನಿಮ್ಮ ಪ್ರದರ್ಶನದ ಒಳ್ಳೆಯ ಫಲಕವಾಗುತ್ತದೆ. ಕೊಂಕಣಿಗೆ ಇಬ್ಬರು ಸಾಲದು. ಕ್ರೈಸ್ತರು, ಗೌಡ ಸಾರಸ್ವತರು ಅಲ್ಲದೆ ಖಾರ್ವಿಗಳನ್ನೂ ಕುಡುಬಿಗಳನ್ನೂ ಕೇಳಿ. ಇವರ ಕೊಂಕಣಿ ಫಲಕಗಳಲ್ಲಿ ಕಾಣುವುದು ತೀರಾ ಅಪರೂಪ.

ಪ್ರಶ್ನೆ: ಫಲಕದ ಅಳತೆ, ಅಕ್ಷರದ ಗಾತ್ರ, ಹಲಗೆ ಯಾವುದು? ಹೋದ ಸಲ ಸನ್‌ಬೋರ್ಡ್ ಎರಡೇ ದಿನಕ್ಕೆ ಬಿಲ್ಲಿನ ಹಾಗೆ ಬಾಗಿತು.
(ಯುವಕ ಮಂಡಲದ ಕಾರ್ಯದರ್ಶಿ, ಸುರತ್ಕಲ್)

ಉತ್ತರ: ಬಾಗಿದ್ದು ನಮ್ಮ ಗಾಳಿಯ ತೇವಕ್ಕೆ. 5 ಮಿ.ಮೀ. ಸನ್‌ಬೋರ್ಡಿನ ಒಂದೇ ಬದಿಗೆ ಕಾಗದ ಅಂಟಿಸಿದರೆ, ತೇವ ಹೀರಿದ ಕಾಗದ ಹಿಗ್ಗಿ ಇಡೀ ಹಲಗೆಯನ್ನು ಎಳೆಯುತ್ತದೆ. ಹಿಂಬದಿಗೂ ಅದೇ ದಪ್ಪದ ಖಾಲಿ ಕಾಗದ ಅಂಟಿಸಿದರೆ ಎಳೆತ ಸಮವಾಗುತ್ತದೆ. ವಾರ ದಾಟುವ ಪ್ರದರ್ಶನವಾದರೆ 3 ಮಿ.ಮೀ. ಅಲ್ಯುಮಿನಿಯಂ ಕಾಂಪೊಸಿಟ್ ಹಲಗೆ ಅಥವಾ ದಪ್ಪ ಹತ್ತಿಬಟ್ಟೆಯ ಮೇಲಿನ ಮುದ್ರಣ ಒಳ್ಳೆಯದು. ಬಟ್ಟೆಯ ಮೇಲೆ ಕೆಳಗೆ ಬಿದಿರಿನ ಕೋಲು ತೂರಿಸಿದರೆ ಸುರುಳಿ ಸುತ್ತಿ ಬಸ್ಸಿನಲ್ಲೇ ಮುಂದಿನ ಊರಿಗೆ ಒಯ್ಯಬಹುದು. ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದ ನಿಷೇಧ ಇದೆ.

ಅಳತೆ 594 × 841 ಮಿ.ಮೀ., ಅಂದರೆ ಎ1, ಸಾಕು. ಮುಖ್ಯ ಪದಗಳು 4ರಿಂದ 5 ಸೆಂ.ಮೀ. ಎತ್ತರ, ವಿವರಣೆ 28 ಪಾಯಿಂಟ್‌ಗಿಂತ ಕಡಿಮೆ ಬೇಡ, ಒಂದು ಫಲಕಕ್ಕೆ 60–70 ಪದ. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿನ ಅಂದಾಜಿನಲ್ಲಿ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಾಲು ಅಂತರ ಬಿಡಿ. ಫಲಕದ ನಡುಭಾಗ ನೆಲದಿಂದ 145 ಸೆಂ.ಮೀ., ಪ್ರಾಥಮಿಕ ಶಾಲೆಯ ಮಕ್ಕಳಿಗಾದರೆ 120.

ಪ್ರಶ್ನೆ: ಭಾಷೆಗಳನ್ನು ಯಾವ ಅನುಕ್ರಮದಲ್ಲಿ ಬರೆಯುವುದು? ಸಮಿತಿಯಲ್ಲಿ ಎರಡು ಸಭೆ ಇದರಲ್ಲೇ ಮುಗಿಯಿತು.
(ಹೆಸರು ಬೇಡ, ಉಡುಪಿ)

ಉತ್ತರ: ವರ್ಣಮಾಲೆಯ ಅನುಕ್ರಮ: ಅರೆಭಾಷೆ, ಉರ್ದು, ಕನ್ನಡ, ಕೊಂಕಣಿ, ಕೊರಗ, ತುಳು, ಬ್ಯಾರಿ, ಮರಾಠಿ, ಮಲಯಾಳ, ಹವ್ಯಕ. ನಿಘಂಟಿನ ಕ್ರಮದಲ್ಲಿ ಅನುಸ್ವಾರ ವ್ಯಂಜನಗಳಿಗಿಂತ ಮೊದಲು ಬರುವುದರಿಂದ ಕೊಂಕಣಿ ಮುಂದೆ, ಕೊರಗ ಹಿಂದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮೂರನೆಯ ಸಭೆ ಉಳಿಯುತ್ತದೆ. ಜನಸಂಖ್ಯೆಯ ಅನುಕ್ರಮ ಬೇಡ, ಅದರಲ್ಲಿ ಕೊರಗ ಬುಡಕಟ್ಟಿನ ಭಾಷೆ ಯಾವತ್ತೂ ಕಟ್ಟಕಡೆಗೇ. ಇನ್ನು, ‘ಇದು ಭಾಷೆಯೋ ಉಪಭಾಷೆಯೋ’ ಎಂಬ ತೀರ್ಪನ್ನು ಫಲಕದಲ್ಲಿ ಕೊಡಲೇಬೇಡಿ. ಶೀರ್ಷಿಕೆ ‘ಈ ಊರಿನ ನುಡಿಗಳು’ ಎಂದಿರಲಿ. ಕುಂದಾಪ್ರ ಕನ್ನಡಕ್ಕೂ ಅಲ್ಲಿ ಜಾಗ ಆಗುತ್ತದೆ.

ಪ್ರಶ್ನೆ: ತುಳು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಉಚ್ಚಾರ ಕೆಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ತುಳು ಲಿಪಿಯಲ್ಲೇ ಬರೆಸಬಹುದೇ?
(ಪ್ರೌಢಶಾಲಾ ಶಿಕ್ಷಕ, ಮೂಡುಬಿದಿರೆ)

ಉತ್ತರ: ಹಿರಿಯರು ಹೇಳುವುದು ನಿಜ. ‘ನಾನು ಬಂದೆ’ ಎನ್ನುವುದಕ್ಕೂ ‘ಅವನು ಬಂದ’ ಎನ್ನುವುದಕ್ಕೂ ಕನ್ನಡ ಲಿಪಿಯಲ್ಲಿ ಬರೆಯುವುದು ‘ಬತ್ತೆ’ ಎಂದೇ. ಕೊನೆಯ ಸ್ವರ ಮಾತ್ರ ಬೇರೆ. ‘ಯಾನ್ ಬತ್ತೆ’ ಎನ್ನುವಾಗ ಬಾಯಿ ಅಗಲ ತೆರೆಯುವ ಎಕಾರ, ‘ಆಯೆ ಬತ್ತೆ’ ಎನ್ನುವಾಗ ಸಾಮಾನ್ಯ ಎಕಾರ. ಹಾಗೆಯೇ ತುಟಿ ದುಂಡಾಗುವ ಉಕಾರ ಒಂದು, ದುಂಡಾಗದ ಅರೆ ಉಕಾರ ಇನ್ನೊಂದು. ಎರಡನೆಯದನ್ನು ಕೆಲವರು ಅರ್ಧಾಕ್ಷರವಾಗಿ ಬರೆಯುತ್ತಾರೆ, ಕೆಲವರು ಕೊಂಬು ಕೊಡುತ್ತಾರೆ. ಯಾವುದಾದರೂ ಒಂದು ಪದ್ಧತಿ ಹಿಡಿದು ಕೊನೆಯವರೆಗೂ ಅದನ್ನೇ ಪಾಲಿಸಿ. ಅಗಲ ಎಕಾರಕ್ಕೆ ಹೊಸ ಚಿಹ್ನೆ ಕಟ್ಟುವುದಕ್ಕಿಂತ ಆ ಅಕ್ಷರಕ್ಕೆ ಬೇರೆ ಬಣ್ಣ ಕೊಡುವುದು ಸುಲಭ. ಬಣ್ಣದ ಅರ್ಥವನ್ನು ಮೊದಲ ಫಲಕದಲ್ಲಿ ಒಂದು ಸಾಲಿನಲ್ಲಿ ಬರೆದರಾಯಿತು. ತುಳುವಿನ ಒಳಗೂ ವ್ಯತ್ಯಾಸಗಳಿವೆ. ‘ನೋಡಿ’ ಎನ್ನಲು ಒಂದು ಕಡೆ ತೂಲೆ, ಇನ್ನೊಂದು ಕಡೆ ಸೂಲೆ. ಒಂದನ್ನು ಶುದ್ಧ, ಇನ್ನೊಂದನ್ನು ಅಶುದ್ಧ ಮಾಡಬೇಡಿ.

ತುಳು ಲಿಪಿ ಹಾಕಬಹುದು, ಆದರೆ ಮೂರು ಎಚ್ಚರ ಬೇಕು. ಹಳೆಯ ತಾಳೆಗರಿಗಳಲ್ಲಿ ಕಾಣುವ ತಿಗಳಾರಿ ಬರಹಕ್ಕೂ ಇವತ್ತು ಕಲಿಸುವ ತುಳು ಲಿಪಿಗೂ ಅಕ್ಷರರೂಪದಲ್ಲಿ, ಒತ್ತು ಕಟ್ಟುವ ಕ್ರಮದಲ್ಲಿ ವ್ಯತ್ಯಾಸ ಇದೆ. ಎರಡನ್ನು ಒಂದೇ ಫಲಕದಲ್ಲಿ ಬೆರೆಸಿದರೆ ಬಲ್ಲವರಿಗೆ ಕಣ್ಣು ಚುಚ್ಚುತ್ತದೆ. ಆ ಲಿಪಿಯ ಗರಿಗಳಲ್ಲಿ ಬಹುಪಾಲು ಸಂಸ್ಕೃತವೇ. ತುಳು ಕೃತಿಗಳು ಕೆಲವೇ. ಹಾಗಾಗಿ ಯಾವುದೋ ತಾಳೆಗರಿಯ ಫೋಟೊ ಕೆಳಗೆ ‘ಪ್ರಾಚೀನ ತುಳು ಸಾಹಿತ್ಯ’ ಎಂದು ಬರೆಯುವ ಮೊದಲು ಓದಬಲ್ಲವರಿಗೆ ತೋರಿಸಿ. ಮೂರನೆಯದು ಕಂಪ್ಯೂಟರಿನದ್ದು. ತುಳು–ತಿಗಳಾರಿಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, 16ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ತುಳು ಫಾಂಟ್‌ಗಳು ಬೇರೆ ಲಿಪಿಯ ಸಂಕೇತಗಳ ಮೇಲೆ ತುಳು ಆಕಾರ ಕೂರಿಸಿದಂಥವು. ಮುದ್ರಣಾಲಯದ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ತುಳು ಹೋಗಿ ಕನ್ನಡವೋ ಅರ್ಥವಿಲ್ಲದ ಅಕ್ಷರಗಳೋ ಅಚ್ಚಾಗುತ್ತವೆ. ಕಡತ ಕಳಿಸುವ ಮೊದಲು ಅಕ್ಷರಗಳನ್ನು ರೇಖಾಚಿತ್ರವಾಗಿ (ಔಟ್‌ಲೈನ್) ಪರಿವರ್ತಿಸಿ. ಕೆಳಗೆ ಕನ್ನಡ ಲಿಪಿಯ ರೂಪ ಇರಲೇಬೇಕು, ಇಲ್ಲವಾದರೆ ತುಳು ಮಾತಾಡುವವರಿಗೇ ಅದು ಅಲಂಕಾರದ ಚಿತ್ತಾರ.

ಪ್ರಶ್ನೆ: ನಾವು ಸರಿಯಾಗಿಯೇ ಟೈಪ್ ಮಾಡಿ ಕೊಟ್ಟೆವು. ಅಚ್ಚಾಗಿ ಬಂದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಯಾಕೆ?
(ಗ್ರಂಥಪಾಲಕಿ, ಪುತ್ತೂರು)

ಉತ್ತರ: ನೀವು ಟೈಪಿಸಿದ್ದು ಯುನಿಕೋಡಿನಲ್ಲಿ, ಮುದ್ರಣಾಲಯದಲ್ಲಿ ಇದ್ದದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಅಥವಾ ‘ಶ್ರೀಲಿಪಿ’. ನಡುವೆ ಪರಿವರ್ತಕ ತಂತ್ರಾಂಶ ಬಂದಿದೆ. ಸಾಮಾನ್ಯ ಕನ್ನಡ ಅದರಲ್ಲಿ ಹೇಗೋ ದಾಟುತ್ತದೆ. ತುಳು, ಕೊಂಕಣಿ, ಬ್ಯಾರಿಯಲ್ಲಿ ಅರ್ಧಾಕ್ಷರ ಹೆಚ್ಚು. ಪದದ ನಡುವಿನ ಅರ್ಧಾಕ್ಷರ ಒತ್ತಾಗದೆ ನಿಲ್ಲಬೇಕಾದರೆ ಅಲ್ಲಿ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆ ಚಿಹ್ನೆ ಇರಬೇಕು. ಪರಿವರ್ತಕ ಅದನ್ನು ನುಂಗುತ್ತದೆ. ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಗುವುದು ಹೀಗೆಯೇ. ಕೊಂಕಣಿಯ, ಉರ್ದುವಿನ ಕೆಲವು ಧ್ವನಿಗಳಿಗೆ ಅಕ್ಷರದ ಕೆಳಗೆ ಚುಕ್ಕಿ ಹಾಕುವ ಕ್ರಮವಿದೆ (ಜ಼, ಫ಼). ಅದಂತೂ ಈ ಪರಿವರ್ತನೆಯಲ್ಲಿ ಸುಲಭವಾಗಿ ಕೆಡುತ್ತದೆ.

ಫೋಟೊಶಾಪಿನಲ್ಲಿ ವಿನ್ಯಾಸ ಮಾಡುವವರಾದರೆ ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ವ್ಯವಸ್ಥೆಯನ್ನು ಆನ್ ಮಾಡಿಸಿ, ಆಮೇಲೆಯೇ ಪಠ್ಯ ಅಂಟಿಸಬೇಕು. ಎಲ್ಲದಕ್ಕಿಂತ ಭದ್ರ ದಾರಿ: ಪಠ್ಯವನ್ನು ನೀವೇ ಜೋಡಿಸಿ ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ, ಮುದ್ರಣಾಲಯದಲ್ಲಿ ಮರುಟೈಪ್ ಮಾಡಲು ಬಿಡಬೇಡಿ. ಮೊದಲು ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ, ಆಯಾ ನುಡಿಯವರ ಸಹಿ ಬಿದ್ದ ಮೇಲೆ ದೊಡ್ಡದು ಅಚ್ಚಾಗಲಿ.

ಪ್ರಶ್ನೆ: ಬ್ಯಾರಿ ಪದಗಳನ್ನು ಕರಡು ತಿದ್ದುವವರು ಮತ್ತೆ ಮತ್ತೆ ‘ಸರಿಪಡಿಸುತ್ತಾರೆ’. ಯಾರು ಸರಿ?
(ಓದುಗ, ಉಳ್ಳಾಲ)

ಉತ್ತರ: ನೀವು. ಬ್ಯಾರಿಯಲ್ಲಿ ನ–ಣ, ಲ–ಳ ಭೇದ ಇಲ್ಲ. ಕಣ್ಣು ಬ್ಯಾರಿಯಲ್ಲಿ ‘ಕನ್ನ್’. ಕರಡು ತಿದ್ದುವವರ ಕನ್ನಡ ಕಣ್ಣಿಗೆ ಅದು ಅಚ್ಚಿನ ತಪ್ಪು, ಕೂಡಲೆ ಣಕಾರ ಬೀಳುತ್ತದೆ. ಮಲಯಾಳದಲ್ಲಿ ಪದದ ಮೊದಲಿಗೆ ಬರುವ ವಕಾರ ಇಲ್ಲಿ ಬಕಾರ: ಅಲ್ಲಿ ವಿತ್ತ್, ಇಲ್ಲಿ ಬಿತ್ತ್. ಕೊನೆಯ ಅಕಾರ ಇಲ್ಲಿ ಎಕಾರ: ಅಲ್ಲಿ ಆನ, ಇಲ್ಲಿ ಆನೆ. ಈ ಮೂರು ಸೂತ್ರಗಳನ್ನು ಕರಡಿನ ತಲೆಯ ಮೇಲೆ ಕೆಂಪಿನಲ್ಲಿ ಬರೆದು ಕಳಿಸಿ. ಫಲಕದ ಮೇಲೂ ಹಾಕಿದರೆ ಇನ್ನೂ ಒಳ್ಳೆಯದು, ಬ್ಯಾರಿ ಎಂದರೆ ಕೆಟ್ಟ ಮಲಯಾಳ ಎನ್ನುವವರಿಗೆ ಅದಕ್ಕೂ ತನ್ನದೇ ನಿಯಮ ಇದೆ ಎಂದು ತಿಳಿಯಲಿ.

ಪ್ರಶ್ನೆ: ಧ್ವನಿ ಕೇಳಿಸುವ ಕಟ್ಟೆಗಳನ್ನು ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ? ಕ್ಯೂಆರ್ ಕೋಡ್ ಸಾಕೇ?
(ವಿದ್ಯಾರ್ಥಿ, ಮಣಿಪಾಲ)

ಉತ್ತರ: ಕ್ಯೂಆರ್ ಒಂದನ್ನೇ ನಂಬಬೇಡಿ. ದಪ್ಪ ಕಲ್ಲಿನ ಹಳೆಯ ಕಟ್ಟಡಗಳ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಮತ್ತು ಕೇಳಬೇಕಾದ ಅಜ್ಜಿಯರ ಬಳಿ ಸ್ಮಾರ್ಟ್‌ಫೋನೂ ಇರುವುದಿಲ್ಲ. ಹಾಕುವುದಾದರೆ 4 ಸೆಂ.ಮೀ. ಚದರಕ್ಕಿಂತ ಸಣ್ಣದು ಬೇಡ, ಹೊಳಪಿನ ಲ್ಯಾಮಿನೇಶನ್ ಬೇಡ (ದೀಪ ಪ್ರತಿಫಲಿಸಿ ಕ್ಯಾಮೆರಾ ಕುರುಡಾಗುತ್ತದೆ). ಉಚಿತ ಜಾಲತಾಣಗಳಲ್ಲಿ ಮಾಡಿದ ‘ಡೈನಾಮಿಕ್’ ಕೋಡ್‌ಗಳು ಪ್ರಯೋಗದ ಅವಧಿ ಮುಗಿದ ದಿನ ಸಾಯುತ್ತವೆ; ಸ್ಥಿರ ಕೋಡ್ ಮಾಡಿ.

ಕಟ್ಟೆಗೆ ನಮ್ಮ ಸಲಹೆ ಹಳೆಯ ಟೆಲಿಫೋನ್ ರಿಸೀವರ್. ಗುಜರಿಯಲ್ಲಿ ಸಿಗುತ್ತದೆ. ಅದರ ಕಿವಿಯ ಭಾಗದಲ್ಲಿ ಸಣ್ಣ ಸ್ಪೀಕರ್ ಕೂರಿಸಿ, ಒಂದು ಸಾದಾ ಎಂಪಿ3 ಪ್ಲೇಯರಿಗೆ ಜೋಡಿಸಿ. ಹೆಡ್‌ಫೋನಿಗಿಂತ ಇದು ಮೇಲು: ತಲೆಗೆ ಹಾಕಿಕೊಳ್ಳುವ ಸಂಕೋಚ ಇಲ್ಲ, ಒರೆಸುವುದು ಸುಲಭ, ಯಾರೂ ಹೇಳಿಕೊಡದಿದ್ದರೂ ಜನ ಎತ್ತಿ ಕಿವಿಗೆ ಇಡುತ್ತಾರೆ. ಕೆಡುವುದು ತಂತಿ ಪೆಟ್ಟಿಗೆಯೊಳಗೆ ಹೋಗುವ ಜಾಗದಲ್ಲಿ. ಅಲ್ಲಿ ಒಳಗಡೆ ಒಂದು ಗಂಟು ಹಾಕಿ ಕ್ಲಿಪ್ ಬಿಗಿಯಿರಿ. ಮೂರಕ್ಕೆ ಒಂದರಂತೆ ಹೆಚ್ಚುವರಿ ಇರಲಿ. ಕರೆಂಟ್ ಹೋಗಿ ಬಂದಾಗ ತಾನಾಗಿಯೇ ಶುರುವಾಗುವ ಪ್ಲೇಯರನ್ನೇ ಕೊಳ್ಳಿ, ಇಲ್ಲದಿದ್ದರೆ ಮಧ್ಯಾಹ್ನದ ನಂತರ ಎಲ್ಲ ಕಟ್ಟೆಗಳೂ ಮೌನ. ತೆರೆದ ಸ್ಪೀಕರ್ ಇಡಲೇಬೇಕಾದರೆ ಎರಡರ ನಡುವೆ ಕಡಿಮೆಯೆಂದರೂ 3 ಮೀಟರ್ ಬಿಡಿ.

ಧ್ವನಿಮುದ್ರಣಕ್ಕೆ ಜೂನ್‌ನಿಂದ ಸೆಪ್ಟೆಂಬರ್ ಬೇಡ. ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ತಂತ್ರಾಂಶವೂ ಪೂರ್ತಿ ತೆಗೆಯುವುದಿಲ್ಲ. ಬಟ್ಟೆ, ಹಾಸಿಗೆ ತುಂಬಿದ ಕೋಣೆ ಹುಡುಕಿ, ಫ್ಯಾನ್ ನಿಲ್ಲಿಸಿ, ಫ್ರಿಜ್ ಸ್ವಿಚ್ ತೆಗೆಯಿರಿ (ಹೊರಡುವಾಗ ಹಾಕಲು ಮರೆಯದಿರಲು ನಿಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಡಿ). ಕಾಲರ್ ಮೈಕ್ ಬಾಯಿಯಿಂದ 15–20 ಸೆಂ.ಮೀ. ಕೆಳಗೆ. 48 ಕಿಲೊಹರ್ಟ್ಸ್, 24 ಬಿಟ್, ವೇವ್ ಕಡತ. ಮಾತು ಶುರುವಾಗುವ ಮೊದಲು ಖಾಲಿ ಕೋಣೆಯ 30 ಸೆಕೆಂಡ್ ಮುದ್ರಿಸಿಕೊಳ್ಳಿ, ಕತ್ತರಿಸಿ ಜೋಡಿಸುವಾಗ ಬೇಕಾಗುತ್ತದೆ. ಒಬ್ಬರ ಮಾತು 60 ಸೆಕೆಂಡ್ ಮೀರಬಾರದು.

ಪ್ರಶ್ನೆ ಕೇಳುವ ಬಗೆ ಇದಕ್ಕಿಂತ ಮುಖ್ಯ. ‘ನಿಮ್ಮ ಭಾಷೆಯ ಬಗ್ಗೆ ಎರಡು ಮಾತು ಹೇಳಿ’ ಎಂದರೆ ಎಲ್ಲರೂ ಭಾಷಣದ ಕನ್ನಡಕ್ಕೆ ಜಾರುತ್ತಾರೆ. ‘ಪತ್ರೊಡೆ ಮಾಡುವುದು ಹೇಗೆ ಹೇಳಿ’ ಎನ್ನಿ; ಅದೂ ಆ ನುಡಿ ಬಲ್ಲವರೇ, ಆ ನುಡಿಯಲ್ಲೇ ಕೇಳಬೇಕು. ಒಂದೇ ಪತ್ರೊಡೆಯ ವಿಧಾನ ಐದು ಕಟ್ಟೆಗಳಲ್ಲಿ ಐದು ನುಡಿಗಳಲ್ಲಿ ಬಂದರೆ, ಭಾಷೆ ತಿಳಿಯದವರೂ ಅಕ್ಕಿ, ಮೆಣಸು, ಕೆಸುವಿನೆಲೆಗಳ ಹೆಸರು ಹಿಡಿಯುತ್ತಾ ಕಟ್ಟೆಯಿಂದ ಕಟ್ಟೆಗೆ ಹೋಗುತ್ತಾರೆ.

ಮಾತಾಡಿದವರಿಂದ ಬರಹದ ಒಪ್ಪಿಗೆ ಪಡೆಯಿರಿ: ಹೆಸರು ಹಾಕಬಹುದೇ, ಎಲ್ಲೆಲ್ಲಿ ಕೇಳಿಸುತ್ತೀರಿ, ಬೇಡವೆಂದರೆ ತೆಗೆಯುವುದು ಹೇಗೆ. ಪಾಡ್ದನ (ತುಳು ಜನಪದರ ಕಥನ ಹಾಡು) ಪರಂಪರೆಯ ಆಸ್ತಿ, ಒಪ್ಪಿಗೆ ಯಾಕೆ ಎನ್ನುವವರಿದ್ದಾರೆ. ಹಾಡಿದ ದನಿಯ ಮೇಲೆ ಹಾಡಿದವರಿಗೆ ನಮ್ಮ ಕಾನೂನಿನಲ್ಲಿ 50 ವರ್ಷದ ಹಕ್ಕಿದೆ. ಅವರ ಕಡತವನ್ನು ವಾಟ್ಸ್‌ಆ್ಯಪಿನಲ್ಲಿ ಅವರಿಗೂ ಕಳಿಸಿ, ಗೌರವಧನ ಕೊಡಿ.

ಪ್ರಶ್ನೆ: ಉದ್ಘಾಟನೆಗೆ ಕೊರಗರ ಡೋಲು ಕರೆಸಬಹುದೇ? ವೇದಿಕೆಯಲ್ಲಿ ಭೂತಕೋಲದ ಒಂದು ತುಣುಕು?
(ಸಮಿತಿಯೊಂದರ ಪರವಾಗಿ, ಕಾಪು)

ಉತ್ತರ: ಕಲಾವಿದರಾಗಿ, ಸಂಭಾವನೆ ಮಾತಾಡಿ, ಕಾರ್ಯಕ್ರಮ ಪಟ್ಟಿಯಲ್ಲಿ ತಂಡದ ಹೆಸರು ಹಾಕಿ ಕರೆಸುವುದಾದರೆ ಕರೆಸಿ. ಕಟ್ಟಲೆಯ ಹೆಸರಿನಲ್ಲಿ ಹೊರಗೆ ನಿಲ್ಲಿಸಿ ಡೋಲು ಬಡಿಸುವುದಾದರೆ ಅದು ಅಜಲು, ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಹಳೆಯ ಪದ್ಧತಿ. 2000ನೇ ಇಸವಿಯ ಕಾಯಿದೆಯ ಪ್ರಕಾರ ಅಪರಾಧ. ಡೋಲಿನಷ್ಟೇ ಜಾಗ ಕೊರಗ ಭಾಷೆಗೂ ಕೊಡಿ. ಎಷ್ಟೋ ಪ್ರದರ್ಶನಗಳಲ್ಲಿ ಡೋಲು ಇರುತ್ತದೆ, ಭಾಷೆ ಇರುವುದಿಲ್ಲ. ಭೂತಕೋಲದ ತುಣುಕು ಬೇಡ. ಅದು ಆರಾಧನೆ, ಕಟ್ಟುವವರ ಮನಸ್ಸೂ ನೋಯುತ್ತದೆ.

ಪ್ರಶ್ನೆ: ಮನೆಯಲ್ಲಿರುವ ತಾಳೆಗರಿ, ಹಳೆಯ ಬಾಸೆಲ್ ಮಿಶನ್ ಮುದ್ರಣದ ಪುಸ್ತಕಗಳನ್ನು ಕೊಡಲು ಕೆಲವರು ಮುಂದೆ ಬಂದಿದ್ದಾರೆ. ಏನೇನು ಎಚ್ಚರ ಬೇಕು?
(ಗ್ರಾಮ ವಾಚನಾಲಯ, ಕಾರ್ಕಳ ತಾಲೂಕು)

ಉತ್ತರ: ಮುದ್ರಣದ ಕಥೆ ಹೇಳಲು ಈ ಊರಿಗಿಂತ ಒಳ್ಳೆಯ ಊರಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇಲ್ಲೇ ಹೊರಟದ್ದು, ಸಂಪಾದಕ ಹರ್ಮನ್ ಮೋಗ್ಲಿಂಗ್. ಬ್ರಿಗೆಲ್ ಅವರ ತುಳು ವ್ಯಾಕರಣ 1872, ಮಾಫೆಯಿ ಅವರ ಕೊಂಕಣಿ ವ್ಯಾಕರಣ 1882, ಕೊಂಕಣಿ ನಿಘಂಟು 1883, ಮ್ಯಾನರ್ ಅವರ ತುಳು ನಿಘಂಟು 1886, ಕಿಟೆಲ್ ಅವರ ಕನ್ನಡ ನಿಘಂಟು 1894. ಎಲ್ಲವೂ ಒಂದೇ ಬಾಸೆಲ್ ಮಿಶನ್ ಮುದ್ರಣಾಲಯದಿಂದ. 22 ವರ್ಷಗಳಲ್ಲಿ ಒಂದೇ ಅಚ್ಚುಕೂಟ ಮೂರು ನುಡಿಗಳಿಗೆ ಅಕ್ಷರ ಜೋಡಿಸಿದ್ದನ್ನು ಒಂದು ಉದ್ದ ಫಲಕದಲ್ಲಿ ಕಾಲರೇಖೆಯಾಗಿ ಕೊಡಿ. ಕೊನೆಗೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988–97ರಲ್ಲಿ ಆರು ಸಂಪುಟಗಳಾಗಿ ಬಂದ ತುಳು ನಿಘಂಟನ್ನು ಇಟ್ಟರೆ ರೇಖೆ ನಮ್ಮ ಕಾಲಕ್ಕೆ ಮುಟ್ಟುತ್ತದೆ.

ಮೂಲ ಪ್ರತಿ ಇಡುವುದಾದರೆ ತೆರೆದ ಪುಟದ ಮೇಲೆ ಬೆಳಕು 50 ಲಕ್ಸ್ ಮೀರದಿರಲಿ. ಕಿಟಕಿಯ ಪಕ್ಕ ಬೇಡವೇ ಬೇಡ. ಪುಸ್ತಕ ಪೂರ್ತಿ ಬಿಡಿಸಿ ಮಲಗಿಸಿದರೆ ಬೆನ್ನು ಬಿರಿಯುತ್ತದೆ. ಎರಡೂ ಬದಿಗೆ ಮೆತ್ತೆ ಕೊಟ್ಟು 90ರಿಂದ 120 ಡಿಗ್ರಿಯಷ್ಟೇ ತೆರೆಯಿರಿ. ಹರಿದ ಪುಟಕ್ಕೆ ಸೆಲೊಟೇಪ್ ಹಚ್ಚಿದವರು ಪುಸ್ತಕಕ್ಕೆ ವೈರಿ: ಅಂಟು ಒಣಗಿ ಕಂದು ಕಲೆ ಉಳಿಯುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ದೊಡ್ಡ ವೈರಿ.

ತಾಳೆಗರಿಗೆ ಶೇ. 50–60 ತೇವಾಂಶ ಹಿತ. ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಗರಿ ಸೀಳುತ್ತದೆ. 100 × 60 × 30 ಸೆಂ.ಮೀ. ಗಾಜಿನ ಪೆಟ್ಟಿಗೆಗೆ, ಘನ ಮೀಟರಿಗೆ 20 ಕಿಲೊ ಲೆಕ್ಕದಲ್ಲಿ, ಸುಮಾರು 3.6 ಕಿಲೊ ತೇವ ಹೀರುವ ಸಿಲಿಕಾ ಜೆಲ್ ಬೇಕು. ಮುಚ್ಚಳದ ಸಂದಿಗೆ ರಬ್ಬರ್ ಪಟ್ಟಿ ಇಲ್ಲದಿದ್ದರೆ ಅಷ್ಟೂ ಎರಡು ದಿನಕ್ಕೆ ನೀರು ಕುಡಿದು ಕೂರುತ್ತದೆ. ಒಳಗೆ ಒಂದು ಸಣ್ಣ ತೇವಮಾಪಕ ಇಟ್ಟು ಬೆಳಿಗ್ಗೆ ಸಂಜೆ ಬರೆದಿಡಿ. ನೀಲಿ ಜೆಲ್ ಬದಲು ಕಿತ್ತಳೆಯದ್ದು ಕೊಳ್ಳಿ, ನೀಲಿಯಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಹಸಿ ಬೇವಿನೆಲೆ ಪೆಟ್ಟಿಗೆಯೊಳಗೆ ಇಡಬೇಡಿ, ಅದರ ನೀರೇ ಗರಿಗೆ ಕಂಟಕ. ಅಷ್ಟೆಲ್ಲ ಏರ್ಪಾಡು ಆಗದಿದ್ದರೆ ಮೂಲವನ್ನು ಮನೆಯಲ್ಲೇ ಬಿಟ್ಟು ಒಳ್ಳೆಯ ಫೋಟೊ ಪ್ರತಿ ಇಡಿ, ಯಾರೂ ಕಡಿಮೆ ಎಣಿಸುವುದಿಲ್ಲ. ತಂದ ಪ್ರತಿಯೊಂದಕ್ಕೂ ತಂದ ದಿನದ ಸ್ಥಿತಿಯ ಫೋಟೊ, ರಶೀದಿ ಕಡ್ಡಾಯ.

ಪ್ರಶ್ನೆ: ಶಾಲೆಯ 40 ಅಡಿ ಉದ್ದ, 10 ಅಡಿ ಎತ್ತರದ ಕೆಂಪುಕಲ್ಲಿನ ಆವರಣ ಗೋಡೆಗೆ ಹಲವು ನುಡಿಗಳ ಪದಗಳನ್ನು ಬರೆಸಬೇಕು. ಹಿಂದೆ ಬರೆಸಿದ ಚಿತ್ರ ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿತು.
(ಹಳೆ ವಿದ್ಯಾರ್ಥಿ ಸಂಘ, ಕಿನ್ನಿಗೋಳಿ)

ಉತ್ತರ: ಸಿಪ್ಪೆ ಎದ್ದದ್ದು ಬಹುಶಃ ಎಣ್ಣೆಬಣ್ಣ. ಕೆಂಪುಕಲ್ಲು ರಂಧ್ರಮಯ. ಮಣ್ಣಿನಿಂದ, ಹಿಂಬದಿಯಿಂದ ನೀರು ಹೀರುತ್ತಲೇ ಇರುತ್ತದೆ. ಎನಾಮೆಲ್ ಪದರ ಆ ನೀರು ಆರಿಹೋಗಲು ಬಿಡುವುದಿಲ್ಲ, ಬಿಸಿಲು ಬಿದ್ದಾಗ ಒಳಗಿನ ತೇವ ಬಣ್ಣವನ್ನೇ ದೂಡುತ್ತದೆ. ಉಸಿರಾಡುವ ಹೊರಗೋಡೆಯ ಅಕ್ರಿಲಿಕ್ ಎಮಲ್ಶನ್ ಬೇಕು. ಕೆಲಸ ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಮುಗಿಯಲಿ.

ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆದು, ಒಂದು ಪಾಲು ಬ್ಲೀಚಿಂಗ್ ಪುಡಿಗೆ ಹತ್ತು ಪಾಲು ನೀರು ಬೆರೆಸಿ ಬಳಿಯಿರಿ, ಒಂದು ದಿನ ಬಿಟ್ಟು ತೊಳೆಯಿರಿ. ಹೊಸ ಗಾರೆಯಾದರೆ 28 ದಿನ ಕಾಯಲೇಬೇಕು. ಅವಸರಪಟ್ಟರೆ ಬಿಳಿ ಉಪ್ಪು ಬಣ್ಣದ ಮೇಲೆ ಒಡೆದು ಬರುತ್ತದೆ. ಗೋಡೆ ಒಣಗಿದೆಯೇ ಎಂದು ನೋಡಲು 2 ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 24 ಗಂಟೆ ಬಿಡಿ. ಒಳಗೆ ಹನಿ ಕಂಡರೆ ಇನ್ನೊಂದು ವಾರ. ನಿಮ್ಮದು 400 ಚದರ ಅಡಿ: ಪ್ರೈಮರ್ 5 ಲೀಟರ್, ಎರಡು ಕೈ ತಳಬಣ್ಣಕ್ಕೆ 8 ಲೀಟರ್, ಗಾರೆ ಹಚ್ಚದ ಉರುಟು ಕಲ್ಲಾದರೆ ಇನ್ನೂ ಮೂರನೇ ಒಂದು ಪಾಲು ಹೆಚ್ಚು. ಎರಡು ಕೈಗಳ ನಡುವೆ 4ರಿಂದ 6 ಗಂಟೆ.

ಅಕ್ಷರದ ಗೆರೆ ಹಾಕುವುದು ಸಂಜೆ ಕತ್ತಲಾದ ಮೇಲೆ, ಪ್ರೊಜೆಕ್ಟರ್ ಬೆಳಕಿನಲ್ಲಿ. ಕೈಯಳತೆಯಲ್ಲಿ ಬರೆಯುವ ಕಲಾವಿದರಿಗೆ ಗೊತ್ತಿಲ್ಲದ ಪದವಾದರೆ ಒತ್ತು ತಪ್ಪುವುದು ಖಂಡಿತ. ಗೆರೆ ಹಾಕಿದ ಮೇಲೆ, ಬಣ್ಣ ತುಂಬುವ ಮೊದಲು ಆ ನುಡಿಯವರು ಬಂದು ನೋಡಬೇಕು. ರಸ್ತೆಯ ಆಚೆಯಿಂದ, ಸ್ಕೂಟರಿನಲ್ಲಿ ಹೋಗುವವರಿಗೂ ಕಾಣಬೇಕಾದರೆ ಅಕ್ಷರದ ಎತ್ತರ 15–20 ಸೆಂ.ಮೀ. ಇರಲಿ. ನೆಲದಿಂದ ಎರಡೂವರೆ ಅಡಿಯವರೆಗೆ ಏನನ್ನೂ ಬರೆಯದೆ ಗಾಢ ಕೆಂಪು ಪಟ್ಟಿ ಬಳಿಯಿರಿ. 3,500 ಮಿ.ಮೀ. ಮೀರುವ ನಮ್ಮ ಮಳೆ ಕೆಂಪು ಮಣ್ಣನ್ನು ಅಷ್ಟು ಎತ್ತರಕ್ಕೆ ಎರಚುತ್ತದೆ, ಎಲೆಯಡಿಕೆಯ ಉಗುಳೂ ಅಲ್ಲಿಯೇ ಬೀಳುವುದು.

ಕೆಂಪು ಬಿಳುಪಿನಲ್ಲಿ ಬರೆಸಿ ಕೆಳಗೆ ‘ಕಾವಿ ಕಲೆ’ ಎಂದು ಹಾಕುವವರಿದ್ದಾರೆ. ಕರಾವಳಿಯ ದೇವಸ್ಥಾನಗಳ ಕಾವಿಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಹಸಿ ಇರುವಾಗಲೇ ಕೊರೆದು ಒಳಗಿನ ಬಿಳಿಯನ್ನು ತೆರೆಯುತ್ತಾರೆ. ಬಣ್ಣ ಬಳಿದದ್ದು ಕಾವಿಯಲ್ಲ, ಕಾವಿಯ ಬಣ್ಣ ಅಷ್ಟೆ.

ಪ್ರಶ್ನೆ: ಊರಿನ ಬೀದಿಗಳ ಹೆಸರಿನ ಅರ್ಥ ಹೇಳುವ ಫಲಕ ಹಾಕಿದರೆ?
(ಓದುಗರು, ಕದ್ರಿ)

ಉತ್ತರ: ಜನ ಹೆಚ್ಚು ಹೊತ್ತು ನಿಲ್ಲುವ ಫಲಕ ಅದೇ, ಜಗಳವೂ ಅಲ್ಲೇ. ನೇತ್ರಾವತಿ, ಗುರುಪುರ ಹೊಳೆಗಳು ಕೂಡುವ ಜಾಗ ಕೂಡಲ, ಅದು ಕುಡ್ಲ ಎಂದೂ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಎಂದೂ ಜನ ಹೇಳುತ್ತಾರೆ. ಹಾಗಿರುವುದನ್ನು ‘ಜನ ಹೇಳುವುದು’ ಎಂಬ ಒಂದು ಬಣ್ಣದಲ್ಲಿ, ದಾಖಲೆ ಇರುವುದನ್ನು (ಉದಾಹರಣೆಗೆ ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆದದ್ದು 2014ರ ನವೆಂಬರ್ 1) ಇನ್ನೊಂದು ಬಣ್ಣದಲ್ಲಿ ಕೊಡಿ.

ಪ್ರಶ್ನೆ: ನೋಡಲು ಬಂದವರೂ ಪದ ಸೇರಿಸುವ ಹಾಗೆ ‘ಪದಗಳ ಗೋಡೆ’ ಇಟ್ಟೆವು. ಎರಡನೆಯ ದಿನಕ್ಕೆ ಬೈಗುಳ, ಪ್ರೇಮಿಗಳ ಹೆಸರು ತುಂಬಿತು.
(ವಿದ್ಯಾರ್ಥಿನಿ, ಉಡುಪಿ)

ಉತ್ತರ: ‘ನಿಮ್ಮ ಭಾಷೆಯ ಒಂದು ಪದ ಬರೆಯಿರಿ’ ಎಂದು ಕೇಳಿದ್ದಿರಬೇಕು. ಅಷ್ಟು ಬಯಲು ಬಿಟ್ಟರೆ ಮೊದಲು ನೆನಪಾಗುವುದು ಬೈಗುಳವೇ. ಬೈಗುಳದಲ್ಲಿ ನಮ್ಮ ಜಿಲ್ಲೆ ಬಡವೇನಲ್ಲ. ದಿನಕ್ಕೊಂದು ಬಿಗಿಯಾದ ಪ್ರಶ್ನೆ ಇಡಿ: ಜಿಟಿಜಿಟಿ ಮಳೆಗೆ, ಒಮ್ಮೆಲೆ ಸುರಿದು ನಿಲ್ಲುವ ಮಳೆಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಅಜ್ಜಿಯನ್ನು ಏನೆಂದು ಕರೆಯುತ್ತೀರಿ? ಕಾರ್ಡ್ 10 × 15 ಸೆಂ.ಮೀ., 250 ಜಿಎಸ್‌ಎಂ. ತೆಳುವಾದರೆ ಫ್ಯಾನ್ ಗಾಳಿಗೆ ಸುರುಳುತ್ತದೆ. ಅದರ ಮೇಲೆ ನಾಲ್ಕು ಗೆರೆ ಮೊದಲೇ ಅಚ್ಚಾಗಿರಲಿ: ಪದ, ಅರ್ಥ, ಮನೆಯ ನುಡಿ, ಊರು. ಹೆಸರು, ಫೋನ್ ನಂಬರ್ ಕೇಳಬೇಡಿ. ಮಸಿ ಹರಡುವ ಜೆಲ್ ಪೆನ್ನಿನ ಬದಲು ದಾರ ಕಟ್ಟಿದ ಪೆನ್ಸಿಲ್ ಸಾಕು. ಬರೆಯಲು ಬಾರದವರಿಗೆ, ಲಿಪಿ ಗೊತ್ತಿಲ್ಲದವರಿಗೆ ಬರೆದುಕೊಡಲು ಒಬ್ಬರು ಕೂರಲಿ. ಕಾರ್ಡನ್ನು ನೇರ ಗೋಡೆಗೆ ಚುಚ್ಚಲು ಬಿಡದೆ ಡಬ್ಬಿಗೆ ಹಾಕಿಸಿ, ಗಂಟೆಗೊಮ್ಮೆ ನೋಡಿ ಅಂಟಿಸಿ.

ಒಂದೇ ಪದ ಹತ್ತು ಸಲ ಬಂದರೆ ಎಸೆಯಬೇಡಿ, ಒಂದರ ಮೇಲೊಂದು ಜೋಡಿಸಿ ನೇತುಹಾಕಿ. ಯಾವ ಪದ ಎಷ್ಟು ದಪ್ಪವಾಗಿ ಬೆಳೆಯಿತು ಎಂದು ನೋಡಲು ಮಕ್ಕಳು ಮರುದಿನ ಮತ್ತೆ ಬರುತ್ತಾರೆ. ಮುಗಿದ ಮೇಲೆ ಎಲ್ಲ ಕಾರ್ಡ್‌ಗಳನ್ನು, ಬರೆದವರ ಕಾಗುಣಿತ ತಿದ್ದದೆ, ಯುನಿಕೋಡಿನಲ್ಲಿ ಟೈಪಿಸಿ. ಮಂಗಳೂರಿನಲ್ಲಿರುವ ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳಿಗೆ ಆಯಾ ನುಡಿಯ ಪಟ್ಟಿಯ ಒಂದು ಪ್ರತಿ ಕಳಿಸಿ, ಕಾರ್ಡ್‌ಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಶಾಲೆಯ ವಾಚನಾಲಯದಲ್ಲೇ ಇಡಿ. ಪೆಟ್ಟಿಗೆ ನೆಲದ ಮೇಲೆ ಬೇಡ, ಗೆದ್ದಲು.